ದೊಡ್ಡಪ್ಪನ ಗಂಟಲೂ ಪೇಟೆಂಟ್ ಕಾಯಿದೆಯೂ

ಯಾರಾದರೂ ಹೊಸ ವಿಚಾರ ಹೇಳಿದ ಕೂಡಲೇ “ಇದು ಮೊದಲೇ ಇತ್ತು ಬಿಡಿ” ಎನ್ನುವ ಕೆಟ್ಟ ಚಾಳಿ ನನಗಿದೆ. ಹೆಂಡತಿ ಇದನ್ನು ಹುಟ್ಟುಗುಣ ಎನ್ನುತ್ತಾಳೆ. ಅಲ್ಲ, ಇದು ಕಸುಬಿನಿಂದ ಬಂದದ್ದು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದೊಡ್ಡಬಳ್ಳಾಪುರದಿಂದ ದಿನಾ ಬಸ್ಸು ಹತ್ತಿ, ಬೆಂಗಳೂರು ದಂಡಿನಲ್ಲಿದ್ದ ಒಬ್ಬ ಪೇಟೆಂಟ್ ಏಜೆಂಟರ ಕಛೇರಿಗೆ ಟೈಪಿಸ್ಟನಾಗಿ ಹೋಗುತ್ತಿದ್ದೆ. ಏನನ್ನೋ ಕಂಡುಹಿಡಿದೆನೆಂದು ಕಣ್ಣರಳಿಸಿಕೊಂಡು ಬಂದವರಿಗೆ, ಅದನ್ನು ಇನ್ಯಾರೋ ಎಂದೋ ಕಂಡುಹಿಡಿದಾಗಿದೆ ಎಂದು ಮರ್ಯಾದೆಯ ಇಂಗ್ಲಿಷಿನಲ್ಲಿ ತಿಳಿಸುವುದೇ ಆ ಕಛೇರಿಯ ಮುಕ್ಕಾಲು ಕೆಲಸ. ಟೈಪು ಹೊಡೆದೂ ಹೊಡೆದೂ ಅದು ನನ್ನ ನಾಲಿಗೆಗೂ ಇಳಿದುಬಿಟ್ಟಿದೆ.

ಹೀಗೆ ಮೊದಲೇ ಇದ್ದದ್ದಕ್ಕೆ ಆ ಶಾಸ್ತ್ರದಲ್ಲಿ ‘ಪ್ರಯರ್ ಆರ್ಟ್’ ಎಂದು ಹೆಸರು. ನಾನದನ್ನು ಮನೆಯವರಿಗೆ ‘ಪೂರ್ವಾಪರ’ ಎಂದು ಹೇಳಿ ಅರ್ಥ ಮಾಡಿಸಿದ್ದೆ. ಹೆಣ್ಣು ಕೊಡುವ ಮುಂಚೆ ಹುಡುಗನ ಪೂರ್ವಾಪರ ವಿಚಾರಿಸುತ್ತಾರಲ್ಲ, ಹಾಗೆ ಪೇಟೆಂಟ್ ಕೊಡುವ ಮುಂಚೆ ವಸ್ತುವಿನ ಪೂರ್ವಾಪರ ವಿಚಾರಿಸುತ್ತಾರೆ. ಆದರೆ ಮದುವೆಯಲ್ಲಿ ನಾಲ್ಕು ಜನ “ಗೊತ್ತು, ಒಳ್ಳೇ ಹುಡುಗ” ಎಂದರೆ ಸಂಬಂಧ ಕುದುರುತ್ತದೆ. ಇಲ್ಲಿ ನಾಲ್ಕು ಜನ “ಗೊತ್ತು” ಎಂದರೆ ಮುರಿದುಬೀಳುತ್ತದೆ. ಈ ವ್ಯತ್ಯಾಸ ಮಾತ್ರ ನಮ್ಮ ಚಿಕ್ಕಪ್ಪನ ತಲೆಗೆ ಹತ್ತಿರಲಿಲ್ಲ.

ಚಿಕ್ಕಪ್ಪ ನಂಜುಂಡಪ್ಪ ಹಾರ್ಮೋನಿಯಂ ರಿಪೇರಿ ಮಾಡುವವನು. ದೇವನಹಳ್ಳಿ, ಸೂಲಿಬೆಲೆ ಕಡೆಯ ನಾಟಕದವರ ಪೆಟ್ಟಿಗೆಗಳೆಲ್ಲ ಅವನ ಅಂಗಡಿಗೇ ಬರುತ್ತಿದ್ದವು. ಕೈ ಚುರುಕು, ಬಾಯಿ ಇನ್ನೂ ಚುರುಕು, ಜಂಭಕ್ಕೂ ಕೊರತೆಯಿರಲಿಲ್ಲ. ಅವನಿಗಿದ್ದ ಕೊರಗು ಒಂದೇ. ಎಂಥ ಕೆಟ್ಟ ಪೆಟ್ಟಿಗೆಗೆ ಜೀವ ಕೊಟ್ಟರೂ ಅದರ ಮುಂದಿನ ಹಿತ್ತಾಳೆ ಪಟ್ಟಿಯಲ್ಲಿ ಯಾವುದೋ ಊರಿನ ಯಾರದೋ ಹೆಸರು. “ನನ್ ಹೆಸ್ರು ಇರೋ ಸಾಮಾನು ಒಂದಾದ್ರೂ ಈ ಭೂಮಿ ಮ್ಯಾಲೆ ಇರ್ಬೇಕು ಕಣೋ” ಎಂದು ನನ್ನ ಹತ್ತಿರ ಆಗಾಗ ಹೇಳುತ್ತಿದ್ದ.

ಅವನ ಅಂಗಡಿಯ ಎದುರಿಗೇ, ರಸ್ತೆಯ ಆ ಬದಿಗೆ, ದೊಡ್ಡಪ್ಪ ಮುನಿಶಾಮಪ್ಪನ ಅಂಗಡಿ. ದೊಡ್ಡಪ್ಪ ರೇಷ್ಮೆ ನೂಲಿನ ದಲ್ಲಾಳಿ. ಅಂದರೆ ಅವನ ಬಂಡವಾಳ ಪೂರ್ತಿ ಗಂಟಲಲ್ಲಿತ್ತು. ಆ ಗಂಟಲಿಗೇ ಹುಣ್ಣಾಗಿ, ಅದು ಕ್ಯಾನ್ಸರ್ ಎಂದಾಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಕತ್ತಿನಲ್ಲಿ ಉಸಿರಿಗೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ದನದ ದಲ್ಲಾಳಿಗಳ ಹಾಗೆ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಲು ನೋಡಿದ, ನೇಕಾರರು ನಕ್ಕರು. ಆಮೇಲೆ ಅಂಗಡಿಯಲ್ಲಿ ಸುಮ್ಮನೆ ಕೂತು ಬೀದಿ ನೋಡತೊಡಗಿದ. 

ಎದುರು ಅಂಗಡಿಯಿಂದ ಅದನ್ನು ದಿನವಿಡೀ ನೋಡಿದವನು ಚಿಕ್ಕಪ್ಪ. ಅವನಿಗೆ ವೈದ್ಯ ಗೊತ್ತಿಲ್ಲ, ಗೊತ್ತಿದ್ದದ್ದು ಇಷ್ಟೇ: ಗಾಳಿ ಇದೆ, ರೀಡು ಹೋಗಿದೆ. ಗಾಳಿಗೆ ನಡುಗಿ ಸ್ವರ ಹೊರಡಿಸುವ ಹಾರ್ಮೋನಿಯಂನ ಒಂದು ಹಿತ್ತಾಳೆ ರೀಡನ್ನು ಪುಟ್ಟ ಡಬ್ಬಿಯಲ್ಲಿ ಕೂರಿಸಿದ. ಡಬ್ಬಿಯ ಒಂದು ತುದಿ ಕತ್ತಿನ ತೂತಿಗೆ, ಇನ್ನೊಂದು ತುದಿಯಿಂದ ರಬ್ಬರ್ ಕೊಳವೆ ಬಾಯಿಯ ಮೂಲೆಗೆ. ಉಸಿರು ಬಿಟ್ಟರೆ ರೀಡು ನುಡಿಯುತ್ತದೆ, ನಾಲಿಗೆ ತುಟಿ ಆಡಿಸಿದರೆ ಆ ನಾದವೇ ಮಾತಾಗುತ್ತದೆ. ಹಲವು ರೀಡುಗಳು ಹಾಳಾದ ಮೇಲೆ ದೊಡ್ಡಪ್ಪ ಮಾತಾಡಿದ. ಆದರೆ ಆಡಿದ್ದೆಲ್ಲ ಒಂದೇ ಸ್ವರದಲ್ಲಿ, ಹಾರ್ಮೋನಿಯಂನವರು ಕಪ್ಪು ಎರಡು ಎನ್ನುವ ಮನೆಯಲ್ಲಿ. ಬೈದರೂ ಕಪ್ಪು ಎರಡು, ಮುದ್ದು ಮಾಡಿದರೂ ಕಪ್ಪು ಎರಡು. ಇದರಿಂದ ವ್ಯಾಪಾರಕ್ಕೆ ಲಾಭವೇ ಆಯಿತು. ಅವನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯದೆ ಎದುರಿನವನೇ ಇಳಿದು ಬರುತ್ತಿದ್ದ. ದೊಡ್ಡಮ್ಮನಿಗೆ ಮಾತ್ರ ನೆಮ್ಮದಿಯಿರಲಿಲ್ಲ. “ತಮಾಸೆ ಮಾಡ್ತಾವ್ರೋ ರೇಗ್ತಾವ್ರೋ ಒಂದೂ ಗೊತ್ತಾಗಕಿಲ್ಲ” ಎಂದು ಕಣ್ಣೀರು ಹಾಕಿದಳು. ದೂರದವರನ್ನು ಕೂಗಿ ಕರೆಯಲಂತೂ ಆಗುತ್ತಲೇ ಇರಲಿಲ್ಲ. ಚಿಕ್ಕಪ್ಪ ಮತ್ತೆ ಕೂತು, ಮೇಲಿನ ಸ್ವರದ ಎರಡನೇ ರೀಡು ಸೇರಿಸಿ, ಬೆರಳಲ್ಲಿ ಒತ್ತುವ ಒಂದು ಗುಂಡಿ ಇಟ್ಟ. ದನಿ ಏರಿತು, ಇಳಿಯಿತು. ಮನುಷ್ಯ ಮಾತಾಡಿದ ಹಾಗಾಯಿತು.

ಆ ಗುಂಡಿ ಬಂದು ಒಂದು ವರ್ಷಕ್ಕೂ ಮೇಲಾದಾಗ, ಟೈಪಿಸ್ಟನ ಬುದ್ಧಿಗೆ ತಡವಾಗಿ ಬೆಳಕು ಬಿದ್ದು, ನಾನು ನಮ್ಮ ಏಜೆಂಟ್ ಸಾಹೇಬರಿಗೆ ವಿಷಯ ಹೇಳಿದೆ. ಅವರು ಪರದೇಶಗಳಿಂದ ಹಳೆಯ ಪೇಟೆಂಟುಗಳ ಪ್ರತಿ ತರಿಸಿದರು. ಕಟ್ಟು ಬಿಚ್ಚಿದರೆ ನನ್ನ ಜೀವ ಬಾಯಿಗೆ ಬಂತು. ಇಂಗ್ಲಿಷು, ಜರ್ಮನ್, ಫ್ರೆಂಚ್, ಜಪಾನಿ ಎಲ್ಲದರಲ್ಲೂ ಮಾತಾಡಿಸುವ ಯಂತ್ರಗಳೇ! ಇಡೀ ಲೋಕ ಚಿಕ್ಕಪ್ಪನ ಮೇಲೆ ಪೈಪೋಟಿಗೆ ನಿಂತ ಹಾಗಿತ್ತು. ಒಂದು ವಾರ ನಾನು ಅವನಿಗೆ ಮುಖ ಕೊಡಲಿಲ್ಲ. ಕೊನೆಗೆ ಸಾಹೇಬರೇ ಚಿತ್ರಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಮುಕ್ಕಾಲುಪಾಲು ಚಿತ್ರಗಳಲ್ಲಿ ಅದೇ ಉದ್ದ ಮೂಗಿನ ಮನುಷ್ಯ, ಅದೇ ಗಲ್ಲ, ಕತ್ತಿಗೆ ಒತ್ತಿ ಹಿಡಿದ ಅದೇ ಬ್ಯಾಟರಿ ಯಂತ್ರ. ಒಬ್ಬನೇ ಒಂದೇ ವಸ್ತುವನ್ನು ದೇಶದೇಶದಲ್ಲೂ ದಾಖಲು ಮಾಡಿಸುತ್ತಾನಂತೆ. ಅವಕ್ಕೆಲ್ಲ ಸೇರಿಸಿ ಪೇಟೆಂಟ್ ಕುಟುಂಬ ಎನ್ನುತ್ತಾರಂತೆ. ಹಿರಿಯನ ಹುಟ್ಟಿದ ದಿನವನ್ನೇ, ಅಂದರೆ ಮೊದಲ ಅರ್ಜಿಯ ತಾರೀಖನ್ನೇ, ಉಳಿದವರೂ ತಮ್ಮದೆನ್ನುತ್ತಾರೆ. ಬಿಡಿಸಿ ನೋಡಿದರೆ ಅಷ್ಟು ದೊಡ್ಡ ಕಟ್ಟಿನಲ್ಲಿದ್ದದ್ದು ಎರಡೋ ಮೂರೋ ಮನೆತನ. ರೀಡು ಹಾಕಿದ್ದವರೂ ಇದ್ದರು, ಆದರೆ ಗುಂಡಿ ಒತ್ತಿ ದನಿ ಏರಿಸುವ ಎರಡನೇ ರೀಡು ಆ ಕಟ್ಟಿನಲ್ಲಿ ಎಲ್ಲೂ ಇರಲಿಲ್ಲ. “ನಿಮ್ಮ ಚಿಕ್ಕಪ್ಪನ್ನ ಕರ್ಕೊಂಡ್ಬನ್ನಿ” ಎಂದರು ಸಾಹೇಬರು. ಅವರ ಕಣ್ಣೂ ಅರಳಿತ್ತು.

ಚಿಕ್ಕಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು, ಸಾಕ್ಷಿಗೆ ದೊಡ್ಡಪ್ಪನನ್ನೂ ಜೊತೆಗಿಟ್ಟುಕೊಂಡು ಬಂದ. ಸಾಹೇಬರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿ, ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು: “ಇದನ್ನ ಇದುವರೆಗೂ ಹೊರಗಡೆ ಯಾರೂ ನೋಡಿಲ್ಲ ತಾನೆ?”

ಚಿಕ್ಕಪ್ಪನಿಗೆ ಅವಮಾನವಾದಂತಾಯಿತು. “ಏನ್ ಸ್ವಾಮಿ ಹಿಂಗಂತೀರ? ಇಡೀ ದೊಡ್ಬಳ್ಳಾಪುರಕ್ಕೇ ಗೊತ್ತೈತೆ! ಪ್ಯಾಟೆನಾಗೆ ಯಾರ್ನ ಬೇಕಾದ್ರೂ ಕೇಳಿ. ಆಸ್ಪತ್ರೇಲಿ ಸಿಕ್ಕಿದ್ದ ಹೊಸಕೋಟೆಯೋನು ಇದನ್ನ ನೋಡ್ಕೊಂಡೋಗಿ ತಾನೂ ಮಾಡಿಸ್ಕೊಂಡವ್ನೆ!” ಅವನು ಹೆಮ್ಮೆಯಿಂದ ಒಂದೊಂದು ಸಾಕ್ಷಿ ಸೇರಿಸಿದಂತೆ ಸಾಹೇಬರ ಮುಖ ಇಳಿಯುತ್ತ ಹೋಯಿತು. ಅರ್ಜಿ ಹಾಕುವ ಮೊದಲೇ ಊರಲ್ಲೆಲ್ಲ ಬಳಕೆಯಾಗಿದ್ದರೆ ಅದೂ ಪೂರ್ವಾಪರವೇ, ಮಾಡಿದವನು ತಾನೇ ಆದರೂ ಅದಕ್ಕೆ ಪೇಟೆಂಟಿಲ್ಲ ಎಂದು ಅವರು ಮೆತ್ತಗೆ ಬಿಡಿಸಿ ಹೇಳಿದರು. ಮೊಟ್ಟಮೊದಲು ಹೊರಗೆ ಬಳಸಿದ್ದು ಯಾವಾಗ, ಎಲ್ಲಿ ಎಂದು ಕೇಳಿದರು. ಏನಾದರೂ ಸಂದು ಸಿಕ್ಕೀತೆಂಬ ಆಸೆ ಅವರಿಗೆ.

ಉತ್ತರ ಕೊಟ್ಟವನು ದೊಡ್ಡಪ್ಪ. ಡಬ್ಬಿ ಕತ್ತಿಗಿಟ್ಟು ಹೇಳಿದ: “ನಮ್ ಬೀದೀಲಿ. ಇವ್ನು ಬಸ್ ಸ್ಟ್ಯಾಂಡ್ ತಾವ ಹೋಗಿ ನಿಂತ್ಕಂಡ, ನಾನು ಅಂಗ್ಡಿ ಮುಂದಿಂದ ಕೂಗ್ದೆ.” ಆಮೇಲೆ ಗುಂಡಿ ಒತ್ತಿ, ಅಂದು ಕೂಗಿದ ಹಾಗೇ ಕೂಗಿ ತೋರಿಸಿದ: “ಲೇ ನಂಜುಂಡಾ!” ಪಕ್ಕದ ಕಛೇರಿಯವರು ಬಾಗಿಲಿಗೆ ಬಂದು ಇಣುಕಿದರು.

ನಾನು ಚಿಕ್ಕಪ್ಪನ ಪಕ್ಕಕ್ಕೆ ಸರಿದೆ. ಯಾರೂ ನೋಡಿಲ್ಲವೆಂದೇ ಬರೆದುಕೊಟ್ಟರಾಯಿತು, ನಮ್ಮ ಪೇಟೆಗೆ ಬಂದು ವಿಚಾರಿಸುವವರು ಯಾರು ಎಂದು ಚಿಕ್ಕಪ್ಪನ ಕಿವಿಯಲ್ಲಿ ಉಸುರಿದೆ. ಅವನು ಅಣ್ಣನ ಕೈಯಿಂದ ಡಬ್ಬಿ ತೆಗೆದುಕೊಂಡ. ಅವನಿಗೆ ಆಸೆ ಇರಲಿಲ್ಲವೆಂದು ನಾನು ಸುಳ್ಳು ಹೇಳಲಾರೆ. ಕೈ ಡಬ್ಬಿಯನ್ನು ಸವರುತ್ತಲೇ ಇತ್ತು.

“ಅಂದ್ರೆ ಅವತ್ತು ನಮ್ಮಣ್ಣ ನನ್ನ ಕೂಗ್ಲೇ ಇಲ್ಲ ಅಂತ ಬರ್ಕೊಡ್ಬೇಕಾ?” ಎಂದ. ಆಮೇಲೆ ಎದ್ದು ಸಾಹೇಬರಿಗೆ ಕೈಮುಗಿದ. “ಬ್ಯಾಡ ಬಿಡಿ ಸ್ವಾಮಿ.”

ಬಸ್ಸು ಯಲಹಂಕ ದಾಟಿತು. ಆಮೇಲೆ ದೊಡ್ಡಪ್ಪ ಕಪ್ಪು ಎರಡರಲ್ಲಿ, “ನಾನು ಸುಮ್ಕಿದ್ದಿದ್ರೆ ನಿನ್ಗೆ ಹೆಸ್ರು ಬತ್ತಿತ್ತು ಕಣ್ಲಾ” ಎಂದ. “ನೀನ್ಯಾವತ್ತಣ್ಣ ಸುಮ್ಕಿದ್ದೆ?” ಎಂದ ಚಿಕ್ಕಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಕಾಯಿದೆಯ ಮೇಲೆ ನನಗೀಗ ಸಿಟ್ಟಿಲ್ಲ. ಒಮ್ಮೆ ಬೀದಿಯಲ್ಲಿ ಕೇಳಿಸಿದ ದನಿಯನ್ನು ಕೇಳಿಸಲೇ ಇಲ್ಲ ಎನ್ನಲಾಗದು ಎಂದು ಅದು ಹೇಳುತ್ತದೆ, ಅಷ್ಟೇ. ಚಿಕ್ಕಪ್ಪನೂ ಹೇಳಿದ್ದು ಅದನ್ನೇ.

ಆಮೇಲೂ ದೊಡ್ಡಪ್ಪ ದಿನಾ ಕಾಫಿಯ ಹೊತ್ತಿಗೆ ಅಂಗಡಿ ಮುಂದೆ ನಿಂತು, ಗುಂಡಿ ಒತ್ತಿ ತಮ್ಮನನ್ನು ಕೂಗುತ್ತಿದ್ದ. ರಸ್ತೆಯ ಅಗಲ ಎಷ್ಟು ಮಹಾ! ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಆದರೆ ಕಿವಿ ಬಹಳ ಸೂಕ್ಷ್ಮವಾಗಿದ್ದ ನಮ್ಮ ಚಿಕ್ಕಪ್ಪ ಮೊದಲ ಕೂಗಿಗೆ ಎಂದೂ ಓಗೊಡುತ್ತಿರಲಿಲ್ಲ. ತಲೆ ಬಗ್ಗಿಸಿ ಯಾವುದೋ ರೀಡನ್ನು ಉಜ್ಜುತ್ತ, ಎರಡನೇ ಸಲ ಕೂಗಲಿ ಎಂದು ಕಾಯುತ್ತಿದ್ದ.