ಅಕ್ಕ ಹಿಂದಿ ಪರೀಕ್ಷೆ ಕಟ್ಟಿದ್ದು

ನನಗೆ ಹಿಂದಿ ಬರುತ್ತದೆ ಎಂಬುದಕ್ಕೆ ನನ್ನ ಹತ್ತಿರ ಸರ್ಟಿಫಿಕೇಟು ಇದೆ. ಹಿಂದಿ ಮಾತ್ರ ಇಲ್ಲ. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿರುವ ಆ ಕಾಗದವನ್ನು ನೋಡಿ ನೆಂಟರು ಯಾರಾದರೂ ಎಲ್ಲಿ, ಎರಡು ಮಾತು ಆಡಿ ನೋಡೋಣ ಎಂದುಬಿಟ್ಟರೆ ನಾನು ತಕ್ಷಣ ಕಾಫಿಯ ವಿಚಾರ ತೆಗೆಯುತ್ತೇನೆ. ಕಾಫಿ ಬಂದ ಮೇಲೆ ಹಿಂದಿಯನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಹೀಗೆ ಎಷ್ಟೋ ವರ್ಷದಿಂದ ಮಾನ ಉಳಿಸಿಕೊಂಡು ಬಂದಿದ್ದೇನೆ. ಆದರೆ ಆ ಕಾಗದದ ಪಕ್ಕದಲ್ಲಿ ಅಂಥದೇ ಇನ್ನೊಂದು ಕಾಗದ ಇದೆ. ಅದು ನನ್ನ ಅಕ್ಕನದು. ನಾನು ಹೇಳಬೇಕೆಂದು ಹೊರಟಿರುವುದು ಅದರ ವಿಚಾರ.

ಐವತ್ತರ ದಶಕದ ಆ ವರ್ಷಗಳಲ್ಲಿ ಹುಣಸೂರಿಗೆ ಹಿಂದಿಯ ಗಾಳಿ ಬೀಸಿತ್ತು. ಇನ್ನು ಸ್ವಲ್ಪ ಕಾಲಕ್ಕೆ ಕಚೇರಿ, ಕೋರ್ಟು, ರೈಲು, ಅಂಚೆ ಎಲ್ಲವೂ ಹಿಂದಿಯಲ್ಲೇ ನಡೆಯುತ್ತವೆ, ಹಿಂದಿ ಬಾರದವನು ಒಂದು ಕಾರ್ಡು ಕೊಳ್ಳುವುದಕ್ಕೂ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕಾಗುತ್ತದೆ ಎಂದು ತಿಳಿದವರು ಹೇಳುತ್ತಿದ್ದರು. ತಿಳಿದವರೆಂದರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಗಿನ ಪೇಪರನ್ನು ಮೊದಲು ಕೈಗೆತ್ತಿಕೊಂಡವರು. ನಾನು ಆಗ ಹುಡುಗರ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹೆದರಿ ಹಿಂದಿ ಕ್ಲಾಸಿಗೆ ಸೇರಿದೆ. ಸಂಜೆ ನಮ್ಮ ಸ್ಕೂಲಿನಲ್ಲೇ ಕ್ಲಾಸು. ಹಗಲು ನಾನು ಹುಡುಗರನ್ನು ಹತ್ತಿಸಿ ನಿಲ್ಲಿಸುತ್ತಿದ್ದ ಬೆಂಚುಗಳ ಮೇಲೆ ಸಂಜೆ ನಾನು, ಹೊಗೆಸೊಪ್ಪಿನ ಮಂಡಿಯ ಗುಮಾಸ್ತರು, ಅಂಚೆಯವರು, ಒಬ್ಬ ಬಟ್ಟೆ ಅಂಗಡಿಯವರು ಎಲ್ಲರೂ ಮಂಡಿ ಮಡಿಸಿಕೊಂಡು ಇಕ್ಕಟ್ಟಾಗಿ ಕೂರುತ್ತಿದ್ದೆವು.

ನಮ್ಮ ಹಿಂದಿ ಮೇಷ್ಟ್ರು ಕೃಷ್ಣರಾಜನಗರದ ಕಡೆಯವರು, ಖಾದಿ ಉಡುವ ಸಾಧು ಮನುಷ್ಯ. ಅವರ ದೊಡ್ಡ ಕಷ್ಟ ಹಕಾರದ್ದು. ನಮ್ಮ ಸೀಮೆಯ ನಾಲಿಗೆಗೂ ಹಕಾರಕ್ಕೂ ಮೊದಲಿಂದ ಅಷ್ಟಕ್ಕಷ್ಟೆ. ಹಳ್ಳಿ, ಹಾಲು, ಹುಣಸೂರು ಯಾವುದರಲ್ಲೂ ನಾವು ಅದನ್ನು ಉಳಿಸಿಲ್ಲ. ಹಿಂದಿಯವರೋ ವಾಕ್ಯವಾಕ್ಯದ ಕೊನೆಗೂ ಒಂದೊಂದು ಹಕಾರ ಕೂರಿಸಿದ್ದಾರೆ. ಮೇಷ್ಟ್ರು ಎದೆಯಿಂದ ಉಸಿರು ತೆಗೆಯಿರಿ ಎನ್ನುತ್ತಿದ್ದರು. ಹೊಗೆಸೊಪ್ಪಿನ ಕಾಲವಾದ್ದರಿಂದ ಗುಮಾಸ್ತರ ಬಟ್ಟೆಯಲ್ಲೆಲ್ಲ ಘಾಟು. ಎದೆಯಿಂದ ಉಸಿರು ತೆಗೆಯಹೋಗಿ ಅರ್ಧ ಕ್ಲಾಸು ಸೀನುತ್ತಿತ್ತು. ಇನ್ನು ಕುರ್ಚಿ ಹೆಣ್ಣು, ಮನೆ ಗಂಡು ಎಂದು ಕೇಳಿದ ದಿನ ಬಟ್ಟೆ ಅಂಗಡಿಯವರು ಕೈಮುಗಿದು ಹೊರಟೇಹೋದರು.

ಅಕ್ಕ ಈ ಕ್ಲಾಸಿಗೆ ಬಂದದ್ದು ಗಾಳಿಗೆ ಹೆದರಿ ಅಲ್ಲ. ಅವಳ ಹೆಸರು ಮಹದೇವಮ್ಮ, ನನಗಿಂತ ಸ್ವಲ್ಪ ದೊಡ್ಡವಳು. ನಮ್ಮೂರು ಮಿರ್ಲೆ. ಮದುವೆಯಾದ ಕೆಲವೇ ವರ್ಷಕ್ಕೆ ಭಾವ ತೀರಿಕೊಂಡು, ಮಕ್ಕಳಿಲ್ಲದೆ ಊರಿಗೆ ಹಿಂತಿರುಗಿದ್ದವಳು ನನಗೆ ಹುಣಸೂರಿನಲ್ಲಿ ಕೆಲಸವಾದಾಗ ಜೊತೆಗೆ ಬಂದಳು. ಆಮೇಲೆ ನನಗೂ ಮದುವೆಯಾಯಿತು. ನನ್ನ ಹೆಂಡತಿಗೂ ಅವಳಿಗೂ ಒಂದು ದಿನವೂ ಮಾತಿಗೆ ಮಾತು ಬೆಳೆದದ್ದಿಲ್ಲ. ಆದರೂ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು, ಹೆಣ್ಣುಮಕ್ಕಳ ಸ್ಕೂಲಿಗೆ ಹಿಂದಿ ಕಲಿಸುವವರು ಬೇಕಂತೆ, ಪರೀಕ್ಷೆ ಪಾಸಾದರೆ ತೆಗೆದುಕೊಳ್ಳುತ್ತಾರಂತೆ, ಹೆಡ್‌ಮಿಸ್ಟ್ರೆಸ್ಸನ್ನು ನೋಡಿ ಬಂದೆ ಎಂದಳು. ನನಗೆ ಮನಸ್ಸಿಗೆ ಹೇಗೋ ಆಯಿತು. ಇಲ್ಲಿ ನಿನಗೇನು ಕಡಿಮೆಯಾಗಿದೆ ಎಂದೆ.

“ಕಮ್ಮಿ ಏನಿಲ್ಲ ಕಣೋ,” ಎಂದಳು. “ಬೆಳಗ್ಗೆ ಎದ್ರೆ ಓಗಕ್ಕೊಂದು ಜಾಗ ಬೇಕು.”

ನನಗೆ ಬೆಳಗ್ಗೆ ಎದ್ದರೆ ಹೋಗುವುದಕ್ಕೆ ಜಾಗ ಇತ್ತು. ಹೋಗದಿರಲು ಯಾವ ನೆಪ ಸಿಕ್ಕೀತೆಂದು ನಾನು ಹುಡುಕುತ್ತಿದ್ದೆ.

ಬರೆಯುವ ಪರೀಕ್ಷೆಗೆ ಅಕ್ಕ ಹೆದರಲಿಲ್ಲ. ಓದಿದ್ದನ್ನು ಮರೆಯುವ ಅಭ್ಯಾಸ ಅವಳಿಗಿಲ್ಲ. ರೊಟ್ಟಿ ತಟ್ಟುತ್ತ ಒಂದು ಪಾಠ, ರಾಗಿ ಆರಿಸುತ್ತ ಒಂದು ಪಾಠ ಬಾಯಿಗೆ ತಂದುಕೊಂಡಳು. ಕೊನೆಯಲ್ಲಿ ಇರುವ ಬಾಯಿಮಾತಿನ ಪರೀಕ್ಷೆಯೂ ಅವಳಿಗೆ ಕಷ್ಟವಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಮಾತಾಡುವುದರಲ್ಲಿ ಅಕ್ಕನನ್ನು ಮೀರಿಸುವವರು ಮಿರ್ಲೆಯಲ್ಲೇ ಇರಲಿಲ್ಲ, ಹುಣಸೂರಿನಲ್ಲಿ ಎಲ್ಲಿಂದ ಬರಬೇಕು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೂರದಿಂದ ಯಾರಾದರೂ ಬಂದರೆ ಮೊದಲು ನೀರು, ಬೆಲ್ಲ, ಆಮೇಲೆ ವಿಚಾರಣೆ. ಯಾವೂರು, ಯಾರ ಪೈಕಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಊಟ ಆಯಿತೇ. ವಿಚಾರಿಸಬೇಕಾದವರು ಇಲ್ಲಿಯವರು, ಬಂದವರು ಸುಧಾರಿಸಿಕೊಂಡು ಹೇಳಬೇಕು. ಬಂದವರೇ ನಮ್ಮನ್ನು ವಿಚಾರಿಸುವಂತಾದರೆ ನಾವು ಅವರನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದರ್ಥ. ಅಂತರಸಂತೆಯ ಸಂತೆಗೆ ಹೋಗಿ ನೋಡಿ. ವಯನಾಡಿನಿಂದ ಬಂದವರದು ಮಲೆಯಾಳ, ಕೊಡಗಿನವರದು ಅವರ ಮಾತು, ಕಾಡಂಚಿನವರದು ಇನ್ನೊಂದು. ಒಬ್ಬರ ಭಾಷೆಯನ್ನು ಇನ್ನೊಬ್ಬರು ಎಲ್ಲೂ ಕಲಿತಿಲ್ಲ. ಆದರೂ ಸಂತೆ ಮುಗಿಯುವ ಹೊತ್ತಿಗೆ ವಯನಾಡಿನವನ ಮಗಳಿಗೆ ಗಂಡು ಗೊತ್ತಾಯಿತೇ ಇಲ್ಲವೇ ಎಂಬುದು ನಮ್ಮ ಕಡೆಯ ರೈತನಿಗೆ ಗೊತ್ತಿರುತ್ತದೆ. ವ್ಯಾಕರಣ ಬರೆದ ಪಂಡಿತರು ಭಾಷೆಗೆ ಕ್ರಿಯಾಪದ ಪ್ರಾಣ ಎನ್ನುತ್ತಾರೆ. ಅವರು ನಮ್ಮ ಸಂತೆಗಳಿಗೆ ಬಂದಿರಲಾರರು. ಬಂದಿದ್ದರೆ ಪ್ರಶ್ನೆಯೇ ಪ್ರಾಣ ಎಂದು ಬರೆಯುತ್ತಿದ್ದರು.

ಬಾಯಿಮಾತಿನ ಪರೀಕ್ಷೆಗೆ ಪರೀಕ್ಷಕರು ಮೈಸೂರಿನಿಂದ ಬಂದರು. ಉತ್ತರದ ಕಡೆಯ ಹಿರಿಯರು, ಮೈಸೂರಿನಲ್ಲಿ ಒಂಟಿಯಾಗಿ ಇದ್ದವರು. ಬೆಳಗಿನ ಬಸ್ಸಿನ ಧೂಳೆಲ್ಲ ಟೋಪಿಯ ಮೇಲಿತ್ತು. ಒಬ್ಬರ ಪರೀಕ್ಷೆ ನಡೆಯುವಾಗ ಮುಂದಿನವರು ಅದೇ ಕೋಣೆಯ ಬೆಂಚಿನ ಮೇಲೆ ಕಾದಿರಬೇಕು. ಅಕ್ಕನ ನಂತರ ನನ್ನ ಸರದಿ. ಆದ್ದರಿಂದ ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡೆ.

ಅವರು ಹಿಂದಿಯಲ್ಲಿ ಹೆಸರೇನು ಎಂದು ಕೇಳಿದರು. ಅಕ್ಕ ಹೇಳಿದಳು. ಅಲ್ಲಿಗೆ ಅವರ ಪರೀಕ್ಷೆ ಮುಗಿದು ಅಕ್ಕನದು ಶುರುವಾಯಿತು. ತಾವು ಯಾವ ಊರಿನವರು, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೇ, ಊಟ ಆಯಿತೇ ಎಂದು ಹಿಂದಿಯಲ್ಲಿ ಕೇಳಿದಳು. ಊಟ ಆಗಿರಲಿಲ್ಲ. ಆ ಸಂಗತಿಯನ್ನು ಅವರು ಹೇಳಬಾರದಿತ್ತು. ಯಾಕೆ ಆಗಿಲ್ಲ ಎಂದು ಕೇಳಿದಳು. ಅನ್ನ ಅವರ ಹೊಟ್ಟೆಗೆ ಒಗ್ಗುವುದಿಲ್ಲವಂತೆ. ಹಾಗಾದರೆ ಮೈಸೂರಿನಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಬಂತು. ತಾನೇ ಎಂದರು ಅವರು. ಹೆಂಡತಿ ಊರಿನಲ್ಲಿ ತಾಯಿಯ ಹತ್ತಿರ ಇದ್ದಾಳೆ, ತಾಯಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಇಷ್ಟು ಹೊತ್ತಿಗೆ ಅವರು ಲೇಖನಿಯನ್ನು ಕೆಳಗಿಟ್ಟಿದ್ದರು. ಅಕ್ಕನ ವಾಕ್ಯಗಳಲ್ಲಿ ಅವರ ತಾಯಿ ಗಂಡಸಾಗಿಹೋಗಿದ್ದರು, ಕಣ್ಣು, ಪೊರೆ, ಔಷಧ ಎಲ್ಲವೂ ದಿಕ್ಕಾಪಾಲಾಗಿದ್ದವು. ಅವರು ಒಂದನ್ನೂ ತಿದ್ದಲಿಲ್ಲ. ತಾಯಿ ತನ್ನನ್ನು ಈಗ ಕೈಯಿಂದ ಮುಖ ಸವರಿ ಗುರುತು ಹಿಡಿಯುತ್ತಾಳೆ ಎಂದು ಹೇಳಿ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜವಾನ ಬಂದು ಹೊತ್ತಾಯಿತು ಎಂದ.

ಆಮೇಲೆ ನಾನು ಹೋಗಿ ಕುಳಿತೆ. ಹಸುವಿನ ಬಗ್ಗೆ ಹೇಳಿ ಎಂದರು. ಹಸುವಿಗೆ ನಾಲ್ಕು ಕಾಲುಗಳಿವೆ, ಅದು ಹುಲ್ಲು ತಿನ್ನುತ್ತದೆ ಎಂದೆ. ಅವರು ಬೇಸರದಿಂದ ಹೌದು ಹೌದು ಎಂದರು.

ಫಲಿತಾಂಶ ಬಂತು. ಹಸುವಿನ ನಾಲ್ಕು ಕಾಲನ್ನು ಹಿಡಿದುಕೊಂಡು ನಾನು ಪಾಸಾಗಿದ್ದೆ. ಬರೆದ ಪರೀಕ್ಷೆಯಲ್ಲಿ ಅಕ್ಕ ನನಗಿಂತ ಎಷ್ಟೋ ಮುಂದಿದ್ದಳು, ಬಾಯಿಮಾತಿನಲ್ಲಿ ಫೇಲು. ನಾನು ಕೆಂಡವಾಗಿ ಹಿಂದಿ ಮೇಷ್ಟ್ರ ಮನೆಗೆ ಹೋದೆ. ಅವರು ಸಮಾಧಾನವಾಗಿ, ಪರೀಕ್ಷಕರು ಆ ದಿನ ಬಸ್ಸು ಹತ್ತುವ ಮುಂಚೆಯೇ ಇದನ್ನು ಹೇಳಿ ನೊಂದುಕೊಂಡರು ಎಂದರು. ಆ ಹೆಣ್ಣುಮಗಳು ಬಹಳ ಚೆನ್ನಾಗಿ ಮಾತಾಡುತ್ತಾರೆ, ಆದರೆ ಅವರ ಹೆಸರೊಂದು ಬಿಟ್ಟು ನನಗೆ ಅವರ ವಿಚಾರ ಏನೂ ತಿಳಿಯಲಿಲ್ಲ, ಉತ್ತರಕ್ಕೆ ಕೊಡಬೇಕಾದ ಅಂಕವನ್ನು ಪ್ರಶ್ನೆಗೆ ಹೇಗೆ ಕೊಡಲಿ ಎಂದರಂತೆ. ಎಷ್ಟು ಯೋಚಿಸಿದರೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಅಕ್ಕ ಎರಡು ದಿನ ಹೆಚ್ಚು ಮಾತಾಡಲಿಲ್ಲ. ಅವಳು ಸುಮ್ಮನಿದ್ದರೆ ಮನೆಯಲ್ಲಿ ಒಲೆ ಉರಿದರೂ ತಣ್ಣಗಿರುತ್ತದೆ. ನನಗೆ ಬಹಳ ಸಂಕಟವಾಯಿತು. ಹೆಡ್‌ಮಿಸ್ಟ್ರೆಸ್ಸು ಮುಂದಿನ ಪರೀಕ್ಷೆಯವರೆಗೆ ಕಾಯುತ್ತೇವೆ, ಆಮೇಲೆ ಮೈಸೂರಿನಿಂದ ಯಾರನ್ನಾದರೂ ಕರೆಸುತ್ತೇವೆ ಎಂದು ಹೇಳಿ ಕಳಿಸಿದರು. ಇನ್ನು ಒಂದೇ ಅವಕಾಶ.

ಸರಿ, ಮನೆಯಲ್ಲೇ ಅಭ್ಯಾಸ ಶುರುವಾಯಿತು. ತಮ್ಮನಾಗಿ ಕೂತರೆ ಅಕ್ಕ ಗಂಭೀರವಾಗಿರುವುದಿಲ್ಲವೆಂದು ನಾನು ಕೋಟು ತೊಟ್ಟು, ಪೇಟ ಇಟ್ಟು, ಜಗುಲಿಯ ಮೇಲೆ ಪರೀಕ್ಷಕನಾಗಿ ಕುಳಿತೆ. ನಿಮ್ಮ ದಿನಚರಿ ಹೇಳಿ ಎಂದರೆ ಅಕ್ಕ ಕೋಟಿನ ಗುಂಡಿ ಕಿತ್ತುಹೋಗಿದೆ ಕೊಡಿಲ್ಲಿ ಎನ್ನುತ್ತಿದ್ದಳು. ನಿಮ್ಮ ಊರಿನ ವಿಚಾರ ಹೇಳಿ ಎಂದರೆ ಮೊದಲು ಕಾಫಿ ಕುಡಿಯಿರಿ ಎನ್ನುತ್ತಿದ್ದಳು. ಹಾಗೆ ಹೇಳುವುದನ್ನೂ ಅಪ್ಪಟ ಹಿಂದಿಯಲ್ಲೇ ಹೇಳುತ್ತಿದ್ದಳು. ನನಗೆ ಬಯ್ಯಲು ಬಾಯಿ ಬರುತ್ತಿರಲಿಲ್ಲ, ಹಿಂದಿಯಲ್ಲಂತೂ ಬರುತ್ತಲೇ ಇರಲಿಲ್ಲ. ಒಳಗಿನಿಂದ ನನ್ನ ಹೆಂಡತಿ ನಗುವುದು ಕೇಳುತ್ತಿತ್ತು. ಆದರೂ ದಿನಾ ಕೂತು, ಮೆಲ್ಲಮೆಲ್ಲನೆ ಅಕ್ಕ ಕೇಳುವುದನ್ನು ಬಿಟ್ಟು ಹೇಳುವುದನ್ನು ಕಲಿತಳು.

ಒಂದು ಸಂಜೆ ಪುಸ್ತಕದಲ್ಲಿದ್ದ ಪ್ರಶ್ನೆಯೊಂದನ್ನು ಓದಿದೆ: ನಿಮಗೆ ಏನು ಇಷ್ಟ? ಅಕ್ಕ ಸುಮ್ಮನಾದಳು. ಮಾತು ಮರೆತಿರಬೇಕೆಂದು ನಾನು ಅರ್ಧ ವಾಕ್ಯ ಎತ್ತಿಕೊಟ್ಟೆ. ಅವಳು ತಲೆಯಾಡಿಸಿದಳು.

“ಮಾತು ಗೊತ್ತೈತೆ. ಯಾರೂ ಕೇಳಿರ್ನಿಲ್ಲ ಕಣೋ, ಅದಕ್ಕೆ ಯೋಚ್ನೆ ಮಾಡ್ತಾ ಇವ್ನಿ.”

ಉತ್ತರ ಬಂದದ್ದು ಮಾರನೆಯ ದಿನ, ನಾನು ಊಟಕ್ಕೆ ಕುಳಿತಿದ್ದಾಗ. ಮುದ್ದೆ ಬಡಿಸುತ್ತ ನಿಂತವಳು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹೊಳೆ ದಾಟುವುದು ನನಗೆ ಇಷ್ಟ ಎಂದು ಹಿಂದಿಯಲ್ಲಿ ಹೇಳಿ ಸಾರು ತರಲು ಒಳಗೆ ಹೋದಳು. ನಾನೂ ಅವಳೂ ಒಂದೇ ತಾಯಿಯ ಮಕ್ಕಳು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಅವಳಿಗೆ ಏನು ಇಷ್ಟ ಎಂಬುದು ನನಗೆ ತಿಳಿದದ್ದು ಹಿಂದಿಯಲ್ಲಿ. ಆ ಭಾಷೆಯ ಮೇಲೆ ನನಗಿದ್ದ ಸಿಟ್ಟೆಲ್ಲ ಆ ದಿನ ಇಳಿದುಹೋಯಿತು. ಪರೀಕ್ಷೆ ಎನ್ನುವುದು ಪೂರ್ತಿ ಕೆಟ್ಟದ್ದಲ್ಲ. ನಾವು ಹತ್ತಿರದವರನ್ನು ಕೇಳದೆ ಬಿಟ್ಟದ್ದನ್ನು ಅದು ಯಾವ ಸಂಕೋಚವೂ ಇಲ್ಲದೆ ಕೇಳುತ್ತದೆ.

ಎರಡನೆಯ ಸಲ ಬಂದವರು ಬೇರೆ ಪರೀಕ್ಷಕರು. ಇನ್ನೂ ಮೀಸೆ ಬಲಿಯದ ಯುವಕ, ಗಡಿಬಿಡಿಯ ಮನುಷ್ಯ; ಅಲ್ಲಿ ಮುಗಿಸಿ ಪಿರಿಯಾಪಟ್ಟಣದ ಬಸ್ಸು ಹಿಡಿಯಬೇಕಾಗಿತ್ತು. ನಾನು ಹೊರಗೆ ಜಗುಲಿಯಲ್ಲಿ ನಿಂತು ಕಿವಿ ಕೊಟ್ಟಿದ್ದೆ. ಅವರು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಅಕ್ಕ ಒಂದಾದ ಮೇಲೊಂದು ಉತ್ತರ ಹೇಳಿದಳು. ಊರು, ಮನೆ, ದಿನಚರಿ, ಯಾಕೆ ಹಿಂದಿ ಕಲಿತಿರಿ, ಎಲ್ಲಕ್ಕೂ ಸ್ಪಷ್ಟವಾದ, ಹಕಾರ ಸಹಿತವಾದ ಉತ್ತರ. ನಡುವೆ ಒಮ್ಮೆ ಅವರು ಕೆಮ್ಮಿದರು. ಅಕ್ಕ ನೀರು ಬೇಕೇ ಎಂದು ಕೇಳಿಬಿಡುತ್ತಾಳೆಂದು ಹೆದರಿ ನಾನು ಬಾಗಿಲಿಗೆ ಇನ್ನೂ ಹತ್ತಿರ ಸರಿದೆ. ಅವಳು ಕೇಳಲಿಲ್ಲ. ಹೊರಗೆ ಬಂದಾಗ ಅವಳ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ಅಕ್ಕ ಪಾಸಾದಳು. ಬಾಯಿಮಾತಿನಲ್ಲಿ ಅವಳಿಗೆ ಬಂದಷ್ಟು ಅಂಕ ಆ ಸಲ ಯಾರಿಗೂ ಬಂದಿರಲಿಲ್ಲ ಎಂದು ಹಿಂದಿ ಮೇಷ್ಟ್ರು ಮನೆಯ ತನಕ ಬಂದು ಹೇಳಿ ಹೋದರು. ಹೆಡ್‌ಮಿಸ್ಟ್ರೆಸ್ಸು ಸೋಮವಾರದಿಂದ ಬನ್ನಿ ಎಂದರು. ನನ್ನ ಹೆಂಡತಿ ಪಾಯಸ ಮಾಡಿದಳು. ಅಕ್ಕ ನಮ್ಮಿಬ್ಬರಿಗೂ ಬಡಿಸಿ, ತಾನೂ ಕುಳಿತು, ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕಳು. ಅವಳಿಗೆ ಸಂತೋಷವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಪಾಯಸದ ಲೋಟವನ್ನು ಕೈಯಲ್ಲೇ ಹಿಡಿದು ಬೀದಿಯ ಕಡೆ ನೋಡಿದಳು. ಏನಕ್ಕ, ಪರೀಕ್ಷೆಯ ಯೋಚನೆ ಇನ್ನೂ ಬಿಟ್ಟಿಲ್ಲವೇ ಎಂದೆ.

“ಪಾಸೇನೋ ಆದೆ, ಬುಡು,” ಎಂದಳು. “ಆದ್ರೆ ಮಾತೇ ಆಡ್ನಿಲ್ಲ ಕಣೋ. ಆ ಉಡ್ಗ ಯಾವೂರೋ, ಉಂಡಿದ್ನೋ ಇಲ್ವೋ.”