ಅವ್ವನ ಮಿಷನ್ನಿಗೆ ಬಿಟ್ಟ ಹರಳೆಣ್ಣೆ

ತೀರಿಹೋದ ಹೆಂಡತಿಯ ಹೊಲಿಗೆ ಮಿಷನ್ನನ್ನು ಇವತ್ತೂ ಬಿಚ್ಚಿಕೊಂಡು ಕೂತಿದ್ದೇನೆ. ಒಳಗಿನ ಹಳೆಯ ಎಣ್ಣೆಯ ವಾಸನೆಗೆ ಹೊಳಲ್ಕೆರೆಯ ನಮ್ಮ ಪಡಸಾಲೆ ನೆನಪಾಯಿತು. ಎತ್ತಿನ ಗಾಡಿಯ ಕೀಲಿಗೆ ಹಾಕುವ ಹರಳೆಣ್ಣೆಯನ್ನೇ ನಾನು ಚಿಕ್ಕವನಿದ್ದಾಗ ಅವ್ವನ ಹೊಲಿಗೆ ಮಿಷನ್ನಿಗೂ ಬಿಟ್ಟಿದ್ದೆ. ಅದು ನೂಲಿನ ಧೂಳು ಹಿಡಿದು ಅಂಟಾಯಿತು, ಚಕ್ರ ನಿಂತಿತು. ಮದುವೆ ಹುಡುಗಿಯ ರವಿಕೆ ಅರ್ಧಕ್ಕೇ ಉಳಿಯಿತು.

“ಯಾರ್ಲೇ ಇದಕ್ಕೆ ಹರಳೆಣ್ಣೆ ಬಿಟ್ಟೋರು?”

“ಗೌರಿ ಕಣವ್ವ,” ಎಂದೆ. ನಾಲ್ಕು ವರ್ಷದ ತಂಗಿಯ ಬೆನ್ನಿಗೆ ಏಟು ಬಿತ್ತು.

“ನಾನಲ್ಲವ್ವಾ, ನಂಗೆ ಮಿಷನ್ನೇ ಎಟಕಲ್ಲ!”

ಅವ್ವನ ಕೈ ಅಲ್ಲೇ ನಿಂತಿತು. ನನ್ನನ್ನೊಮ್ಮೆ ನೋಡಿ, ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದೇ ಭಾಗ ಒರೆಸತೊಡಗಿದಳು.

ಕಾಲೇಜಿನ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ‘ಐ ಬೆಗ್ ಯುವರ್ ಪಾರ್ಡನ್’ ಒಂದೇ ನೆಟ್ಟಗೆ ಉಳಿದಿದೆ. ತಂಗಿಗೆ ಅದನ್ನೂ ಹೇಳಿಲ್ಲ. ಅವಳ ನಂಬರ್ ಒತ್ತೋಣವೆಂದರೆ... ಬೆಳಕು ಹೋಗುತ್ತಿದೆ, ಫೋನಿನ ಅಂಕಿ ಕಾಣುತ್ತಿಲ್ಲ.