ಮೇಲ್ವಿಚಾರಕಿಯ ಸೊಸೆ

ನಮ್ಮತ್ತೆ ಅಂಗನವಾಡಿ ಮೇಲ್ವಿಚಾರಕಿ. ಮಿಡಿಗೇಶಿ ಸುತ್ತಲಿನ ಕೇಂದ್ರಗಳೆಲ್ಲ ಅವರ ಕೈಕೆಳಗೆ. ನಮ್ಮೂರ ಕೇಂದ್ರದ ಕಾರ್ಯಕರ್ತೆ ನಿವೃತ್ತರಾದಾಗ ಆ ಕೆಲಸಕ್ಕೆ ನಾನು ಅರ್ಜಿ ಹಾಕಿದೆ. ಮದುವೆಯಾದಾಗಿನಿಂದ ನನ್ನದೂ ಅಂತ ಒಂದು ಕೆಲಸ ಬೇಕೆಂದು ಹಂಬಲಿಸಿದವಳು ನಾನು. "ಅತ್ತೇನೇ ಮೇಡಮ್ಮು, ಇನ್ನೇನ್ ಬುಡು, ಕೆಲ್ಸ ನಿಂದೇ ಕಣಮ್ಮ" ಎಂದಿತು ಊರು. ನಾನೂ ಹಾಗೇ ಅಂದುಕೊಂಡೆ.

ಅತ್ತೆ ಮಾಡಿದ್ದೇನು? ಮಾರನೆಯ ದಿನವೇ ಮಧುಗಿರಿ ಆಫೀಸಿಗೆ ಹೋಗಿ, "ಅರ್ಜಿ ಹಾಕಿರೋಳು ನನ್ ಸೊಸೆ, ಈ ಆಯ್ಕೆಯಿಂದ ನನ್ನ ಬುಟ್ಬುಡಿ" ಎಂದು ಸಾಹೇಬರಿಗೆ ಹೇಳಿ ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಸೊಸೆಗಾಗಿ ಒಂದು ಮಾತು ಆಡಲಾರದವರು ಎಂಥ ಅತ್ತೆ!

ನಾನು ಇದೇ ಊರಿನವಳು ಹೌದೋ ಅಲ್ಲವೋ ಎಂದು ನೋಡಲು ಬೇರೊಬ್ಬ ಮೇಲ್ವಿಚಾರಕಿ ಬಂದರು. ಅತ್ತೆಗೆ ಹಳೆಯ ಗೆಳತಿ, ಉರಿಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದರು. ನಾನು ಕಾಫಿಗೆ ಹಾಲಿಟ್ಟೆ. ಅತ್ತೆ ಒಳಗೆ ಬಂದವರೇ ಒಲೆ ಆರಿಸಿದರು.

"ಇವತ್ತು ಬ್ಯಾಡ ಕಣಮ್ಮ. ನೀರು ಕೊಡು, ಸಾಕು."

ಆಗದವರು ಬಂದರೂ ಕಾಫಿ ಕೊಡದೆ ಕಳಿಸಿದ ಮನೆಯಲ್ಲ ನಮ್ಮದು! ನಾಚಿಕೆಯಿಂದ ನಾನು ತಲೆಯೆತ್ತಲಿಲ್ಲ. ಗೆಳತಿಯೋ, ನೀರು ಕುಡಿದು ನಗುತ್ತಲೇ ಎದ್ದು ಹೋದರು. ಆಮೇಲೆ ಎಷ್ಟೋ ದಿನ ಅತ್ತೆಯ ಹತ್ತಿರ ಮುಖ ಗಂಟು ಹಾಕಿಕೊಂಡೇ ಓಡಾಡಿದೆ.

ಕೊನೆಗೆ ಕೆಲಸ ನನಗೇ ಸಿಕ್ಕಿತು. ಅರ್ಜಿ ಹಾಕಿದವರಲ್ಲಿ ನನ್ನ ಅಂಕವೇ ಹೆಚ್ಚಿತ್ತು. "ನೋಡಿ, ನಿಮ್ಮ ಹಂಗಿಲ್ದೇನೇ ಬಂತು" ಎಂದು ಚುಚ್ಚಿದೆ.

"ಅಂಗೇ ಬರ್ಬೇಕಿತ್ತು" ಎಂದು ಅತ್ತೆ ಒಂದು ಚೂರು ಬೆಲ್ಲ ನನ್ನ ಬಾಯಿಗಿಟ್ಟರು. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು. ತಾವೇ ಕೇಳಿಕೊಂಡು ಪಾವಗಡದ ಕಡೆಗೆ ವರ್ಗ ಮಾಡಿಸಿಕೊಂಡಿದ್ದರು.

ನಿವೃತ್ತಿ ಹತ್ತಿರ ಬಂದಿದೆ, ಮಂಡಿನೋವು ಬೇರೆ. "ಈ ವಯಸ್ಸಲ್ಲಿ ಯಾಕತ್ತೆ?" ಎಂದೆ.

"ನಿನ್ ಕೇಂದ್ರದ್ ಮೊಟ್ಟೆ ಎಣ್ಸೋಳು, ಮಕ್ಳ ತೂಕ ನೋಡೋಳು ನಾನಾಗ್ಬಾರ್ದು ಕಣಮ್ಮ. ನಾಳೆ ನೀನ್ ತಪ್ಪು ಮಾಡ್ದೆ ಅನ್ಕೋ. ಅದ್ನ ರಿಪೋರ್ಟಲ್ಲಿ ಬರಿಯಾಕೆ ನನ್ ಕೈ ಏಳ್ದೇ ಹೋದ್ರೆ ಆ ಮಕ್ಳ ಗತಿ ಏನು?"

ನನ್ನನ್ನಲ್ಲ, ತಮ್ಮನ್ನೇ ನಂಬದೆ ಹೊರಟಿದ್ದರು. ಎಂಥ ಹೆಂಗಸಪ್ಪ ಇವರು! ನನಗಾಗಿ ಏನೂ ಮಾಡಲಿಲ್ಲ ಎಂದು ಇವರನ್ನೇ ಅಲ್ಲವೇ ನಾನು ಅಷ್ಟು ದಿನ ಬೈದುಕೊಂಡದ್ದು?

ಮೊದಲ ದಿನ ಇಬ್ಬರೂ ಒಟ್ಟಿಗೇ ಮನೆಯಿಂದ ಹೊರಟೆವು. ನನ್ನ ಕೇಂದ್ರ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಪಾವಗಡದ ಬಸ್ಸಿನಲ್ಲಿ ಸೀಟಿರಲಿಲ್ಲ. ಅತ್ತೆ ಕಂಬಿ ಹಿಡಿದು ನಿಂತುಕೊಂಡೇ ಹೋದರು.